ಕಳ್ಳಿ ಕಡಿದ ವರ್ಷ

ಸೊಲ್ಲಾಪುರದ ಒಂದು ಗಿರಣಿಯ ರೀಲಿಂಗ್ ಖಾತೆಯಲ್ಲಿ, ಎಂದರೆ ನೂಲು ಸುತ್ತುವ ವಿಭಾಗದಲ್ಲಿ, ನಾನು ಹನ್ನೆರಡು ವರ್ಷ ಕೆಲಸ ಮಾಡಿದೆ. ಕೂತು ಮಾಡುವ ಕೆಲಸವಲ್ಲ ಅದು. ತಿರುಗುವ ಚೌಕಟ್ಟಿನ ಮೇಲೆ ನೂಲು ಸುತ್ತಿಕೊಳ್ಳುತ್ತಿರುತ್ತದೆ. ಎಲ್ಲೋ ಒಂದು ಎಳೆ ಹರಿಯುತ್ತದೆ. ಹರಿದ ತುದಿ ಹುಡುಕಿ, ಗಂಟು ಹಾಕಿ ಮತ್ತೆ ಬಿಡಬೇಕು. ಮುಂಜಾನೆ ಭೋಂಗಾ, ಎಂದರೆ ಗಿರಣಿಯ ಸೈರನ್ನು, ಕೂಗಿದರೆ ಒಳಗೆ, ಸಂಜೆ ಭೋಂಗಾ ಕೂಗಿದರೆ ಹೊರಗೆ. ಆಗ ನಮ್ಮ ಚಾಳಿನ ಸಾಲುಮನೆಗಳಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಗಿರಣಿಯ ಭೋಂಗಾ ಕೇಳಿಯೇ ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ಮಕ್ಕಳು ಶಾಲೆಗೆ ಓಡುತ್ತಿದ್ದರು.

ಗಂಡ ತೀರಿಕೊಂಡಾಗ ನನಗೆ ಹದಿನೆಂಟು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಅಕ್ಕಲಕೋಟೆಯ ಕಡೆಗಿದ್ದ ಅವರ ಊರಿನಿಂದ ಅಣ್ಣ ನನ್ನನ್ನು ಸೊಲ್ಲಾಪುರಕ್ಕೆ ಕರೆತಂದ. ಚಾಳಿನಲ್ಲಿ ಒಂದೇ ಖೋಲಿ. ಅಣ್ಣ, ಅವನ ಹೆಂಡತಿ ವೈನಿ, ಅವರ ನಾಲ್ಕು ಮಕ್ಕಳು, ನಾನು. ಅಣ್ಣನೂ ಅದೇ ಗಿರಣಿಯವನು. ಅವನೇ ಹೇಳಿ ನನ್ನನ್ನು ಒಳಗೆ ಸೇರಿಸಿದ. ಆ ಮನೆಯಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಮನೆ ಬಿಟ್ಟು ಹೋದದ್ದು ಜಗಳವಾಡಿ ಎಂದು ಚಾಳಿನವರೆಲ್ಲ ಬಹಳ ವರ್ಷ ನಂಬಿದ್ದರು.

ಆದದ್ದಿಷ್ಟೇ. ಗಿರಣಿಗೆ ಹೊಸ ಯಂತ್ರ ಬಂದವು, ಇಪ್ಪತ್ತು ಹೆಂಗಸರ ಕೆಲಸ ನಾಲ್ವರಿಗೆ ಸಾಕಾಯಿತು. ನಮ್ಮನ್ನು ಮನೆಗೆ ಕಳಿಸಿದರು. ಓಣಿಯ ಇತರ ಹೆಂಗಸರ ಹಾಗೆ ನಾನೂ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತೆ. ನಿಂತು ರೂಢಿಯಾದ ಕಾಲು, ಕೂತರೆ ಜೋಮು ಹಿಡಿಯುತ್ತಿತ್ತು. ತಂಬಾಕಿನ ಘಾಟಿಗೆ ಇಡೀ ದಿನ ಸೀನು. ಮೂರು ತಿಂಗಳಾದರೂ ನನ್ನ ಬೀಡಿ ನೆಟ್ಟಗೆ ಬರಲಿಲ್ಲ. ಹತ್ತು ವರ್ಷದ ಅಣ್ಣನ ಮಗಳು ನನಗಿಂತ ಚೆಂದ ಕಟ್ಟುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನನ್ನ ಭಾವ, ಎಂದರೆ ಗಂಡನ ಅಣ್ಣ, ಸೊಲ್ಲಾಪುರದ ಪೇಟೆಗೆ ಶೇಂಗಾ ತರುತ್ತಿದ್ದರು. ಬಂದಾಗ ತಪ್ಪದೆ ಚಾಳಿಗೂ ಬಂದು, ಒಂದು ಚೀಲ ಶೇಂಗಾ, ಒಂದಿಷ್ಟು ಕಡಲೆಬೇಳೆ ಇಳಿಸಿ, ಚಹಾ ಕುಡಿದು ಹೋಗುತ್ತಿದ್ದರು. ಆ ಸಲ ಬಂದಾಗ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತೇ ಕೇಳಿದೆ.

"ಭಾವಾರ, ಆ ರಸ್ತಾದ ಕಡಿ ತ್ವಾಟ ಈಗ ಯಾರು ಮಾಡಾಕತ್ತಾರ್ರಿ?"

"ಯಾವ ತ್ವಾಟ?"

"ಬಾವಿ ಬಿದ್ದದ್ದು."

ಭಾವ ಚಹಾದ ಬಸಿ ಕೆಳಗಿಟ್ಟರು. "ಅದನ್ಯಾರ ಮಾಡ್ತಾರವ್ವಾ. ಪಾಪಾಸಕಳ್ಳಿ ಬೆಳದದ ಅಲ್ಲಿ. ಒಳಗ ಹೋಗಾಕ ಹಾದಿ ಇಲ್ಲ."

"ಅದನ್ನ ನಾ ಮಾಡ್ತೀನ್ರಿ."

ಭಾವ ನೆಲ ನೋಡುತ್ತಾ ಹೇಳಿದರು: "ಮೂರೆಕರೆ ನಿನ್ನ ಗಂಡನ ಪಾಲಿಂದಽ. ನಾ ಇಲ್ಲಂತ ಹ್ಯಾಂಗ ಅನ್ನಲಿ? ಖರೆ, ಬ್ಯಾಡ. ಊರಾಗ ನಮ್ಮ ಮನಿಯಾಗ ಬಂದಿರು. ಎರಡು ಹೊತ್ತಿನ ರೊಟ್ಟಿಗೇನ ಕಡಿಮಿ ಇಲ್ಲ. ಆ ತ್ವಾಟ ಮಾತ್ರ ಬ್ಯಾಡ."

ಅಣ್ಣನಿಗೆ ನಗು ಬಂತು. "ಮೂರೆಕರೆ ಕಳ್ಳಿ ಒಬ್ಬಾಕಿ ಕಡಿತಿ? ಕೊಡ್ಲಿ ಹಿಡಿದು ಗೊತ್ತದೇನ ನಿನಗ?"

"ಇಲ್ಲ."

"ಮತ್ತ?"

ವೈನಿ ಒಲೆಯ ಮುಂದಿನಿಂದ ತಿರುಗದೆಯೇ ಅಂದಳು: "ಹೋಗ್ಲಿ ಬಿಡ್ರಿ. ಸುಮ್ನ ಯಾಕ ತಡೀತೀರಿ? ಆಗಲಿಲ್ಲಂದ್ರ ಬರ್ತಾಳ. ಖೋಲಿ ಎಲ್ಲಿ ಓಡಿ ಹೋಗ್ತದ?"

ಎಂಟು ದಿನದಲ್ಲಿ ಹೊರಟೆ. ಪ್ಯಾಸೆಂಜರ್ ಗಾಡಿಯಲ್ಲಿ ಅಕ್ಕಲಕೋಟ ರೋಡ್ ಸ್ಟೇಶನ್, ಅಲ್ಲಿಂದ ಬಸ್ಸಿನಲ್ಲಿ ಅಕ್ಕಲಕೋಟೆ, ಅಲ್ಲಿಂದ ನಡಿಗೆ. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಎರಡು ಪಾತ್ರೆ ಸುತ್ತಿದ ಕೌದಿ.

ಹೊಸ ಸೊಸೆಯಾಗಿ ಆ ಊರಿಗೆ ಬಂದಾಗ ತೋಟವನ್ನು ನಾನು ರಸ್ತೆಯಿಂದ ಒಮ್ಮೆ ನೋಡಿದ್ದೆ. ಒಳಗೆ ಕಾಲಿಡಬೇಡ ಎಂದು ಅತ್ತೆ ಹೇಳಿದ್ದರು. ನನ್ನ ಮದುವೆಗೆ ಹತ್ತು ವರ್ಷ ಮುಂಚೆ ಅಲ್ಲಿ ಎತ್ತು ಹೂಡಿ ಚರ್ಮದ ಮೋಟದಿಂದ ನೀರು ಎಳೆಯುತ್ತಿದ್ದಾಗ ಬಾವಿಯ ಒಂದು ಬದಿ ಕುಸಿದು ಒಂದು ಎತ್ತು ಹೋಯಿತಂತೆ. ಮಾವನವರು ಮರುದಿನದಿಂದ ಅತ್ತ ಹೋಗುವುದನ್ನೇ ಬಿಟ್ಟರು. ಊರಿನ ಇನ್ನೊಂದು ಬದಿಗಿದ್ದ ಕಪ್ಪು ಎರಿಭೂಮಿಯಲ್ಲಿ ಜೋಳ ಬೇಕಾದಷ್ಟು ಬೆಳೆಯುತ್ತಿತ್ತು. ಹೀಗಾಗಿ ಯಾರಿಗೂ ತೋಟದ ನೆನಪು ಬರಲಿಲ್ಲ. ಬಾವಿ ಎತ್ತು ನುಂಗಿತು ಎಂದು ಊರವರು ಹೇಳುತ್ತಿದ್ದರು. ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ.

ಮೊದಲ ದಿನ ಮುಂಜಾನೆ ನಾನು ರಸ್ತೆಯಲ್ಲಿ ನಿಂತು ನೋಡಿದಾಗ ತೋಟ ಕಾಣಲೇ ಇಲ್ಲ. ಆಳೆತ್ತರಕ್ಕೆ ಕಳ್ಳಿ. ಒಂದು ಹಲಗೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ನಡುನಡುವೆ ಕೆಂಪು ಹಣ್ಣು. ಅದರಾಚೆ ಬೇವಿನ ಮರದ ತಲೆ, ಮತ್ತು ತೋಟದೊಳಗಿನ ಹಳೆಯ ಮಾಳಿಗೆ ಮನೆಯ ಒಂದು ಮೂಲೆ. ಭಾವನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ, ಕೊಡಲಿ, ಕುಡುಗೋಲು, ಗುದ್ದಲಿ ಕೊಟ್ಟಿದ್ದಳು. ಬುತ್ತಿಯಲ್ಲಿ ರೊಟ್ಟಿ, ಖಾರದ ಶೇಂಗಾಹಿಂಡಿ, ಉಳ್ಳಾಗಡ್ಡಿ. ಕೊಡಲಿಯಿಂದ ಒಂದೇಟು ಹಾಕಿದೆ. ಕಳ್ಳಿ ಸೌತೆಕಾಯಿಯಂತೆ ಮೆತ್ತಗೆ ಕತ್ತರಿಸಿ ಬಿತ್ತು. ಇಷ್ಟೇನಾ ಎಂದು ಖುಷಿಯಾಗಿ ಬಗ್ಗಿ ಎತ್ತಿ ಬದಿಗೆ ಒಗೆದೆ. ಅಂಗೈ ತುಂಬ ಕಣ್ಣಿಗೆ ಕಾಣದ ಮುಳ್ಳು. ಮಧ್ಯಾಹ್ನದವರೆಗೆ ಕೂತು ಹಲ್ಲಿನಿಂದ ಕಿತ್ತೆ. ಆಮೇಲೆ ನಾಲಿಗೆಯಲ್ಲಿ ಚುಚ್ಚಿದ್ದನ್ನು ಕೀಳಲು ಉಪಾಯವಿರಲಿಲ್ಲ. ಆ ದಿನ ನಾನು ಕಡಿದದ್ದು ಒಂದು ಹಗ್ಗದ ಹೊರಸು ಹಾಕುವಷ್ಟು ಜಾಗ.

ರಾತ್ರಿ ಭಾವನ ಮನೆಯಲ್ಲಿ ಮಲಗುವುದು, ಬೆಳಿಗ್ಗೆ ತೋಟಕ್ಕೆ ನಡೆಯುವುದು. ವಾರದಲ್ಲಿ ಕೈಗೆ ಕೆಲಸ ತಿಳಿಯಿತು. ಉದ್ದನೆಯ ಕವೆಗೋಲಿನಿಂದ ಕಳ್ಳಿಯನ್ನು ಒತ್ತಿ ಹಿಡಿದು ಬುಡಕ್ಕೆ ಕೊಡಲಿ ಹಾಕಬೇಕು. ಮುಟ್ಟದೆಯೇ ಕೋಲಿನಿಂದ ಎಳೆದು ಸರಿಸಬೇಕು. ಗಾಳಿ ಬೀಸುವ ಕಡೆಗೆ ಮುಖ ಮಾಡಿ ನಿಲ್ಲಬಾರದು, ಸಣ್ಣ ಮುಳ್ಳು ಹಾರಿ ಕಣ್ಣಿಗೆ ಬೀಳುತ್ತವೆ. ಹಣ್ಣನ್ನು ಮಣ್ಣಿನಲ್ಲಿ ಹೊರಳಿಸಿ ಮುಳ್ಳು ತೆಗೆದು ತಿನ್ನಬಹುದು. ಸಂಜೆ ನನ್ನ ತುಟಿ, ನಾಲಿಗೆ ಎಲ್ಲ ಕೆಂಪು. ಅಕ್ಕ ನೋಡಿ, "ಎಲಿ ಅಡಕಿ ಹಾಕ್ಕೊಂಡು ಕಳ್ಳಿ ಕಡ್ಯಾಕತ್ತೀಯೇನ?" ಎಂದು ನಕ್ಕಳು.

ಒಂದು ವಿಷಯ ಹೇಳಬೇಕು. ಮೊದಮೊದಲು ಬೆಳಗಿನ ಜಾವ ಗಿರಣಿಯ ಭೋಂಗಾ ಆಗುವ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು. ತಡವಾಯಿತೆಂದು ಎದ್ದು ಕೂರುತ್ತಿದ್ದೆ. ತೋಟದಲ್ಲಿ ಕೂಡ ಯಾರೋ ನೋಡುತ್ತಿದ್ದಾರೆ ಎಂಬ ಹಾಗೆ ಬಿಡುವಿಲ್ಲದೆ ಕೊಡಲಿ ಹಾಕುತ್ತಿದ್ದೆ. ನಡುವೆ ಬೇವಿನ ನೆರಳಲ್ಲಿ ಹತ್ತು ನಿಮಿಷ ಕೂತರೆ ತಪ್ಪು ಮಾಡಿದವಳಂತೆ ಎದ್ದು ಮತ್ತೆ ಕೊಡಲಿ ಹಿಡಿಯುತ್ತಿದ್ದೆ. ಇಲ್ಲಿ ಕೂಗುವವರಿಲ್ಲ, ಕೂತರೆ ಕೂಡಬಹುದು ಎನ್ನುವುದು ಮೈಗೆ ಇಳಿಯಲು ಎರಡು ತಿಂಗಳು ಬೇಕಾಯಿತು.

ಸಂಕ್ರಾಂತಿ ಹೊತ್ತಿಗೆ ರಸ್ತೆಯಿಂದ ಮನೆಯವರೆಗೆ ಗಾಡಿ ಹೋಗುವಷ್ಟು ಹಾದಿಯಾಯಿತು. ಅರ್ಧ ಎಕರೆ ಬಯಲೂ ಆಯಿತು. ಕಡಿದ ಕಳ್ಳಿಯನ್ನೆಲ್ಲ ಬದುವಿಗೆ ಒಟ್ಟಿದ್ದೆ. ತಾನೇ ಒಣಗುತ್ತದೆ ಅಂದುಕೊಂಡಿದ್ದೆ. ಮಾಘದಲ್ಲಿ ಒಂದು ಅಕಾಲದ ಮಳೆ ಹೊಡೆಯಿತು. ಮೂರು ದಿನ ಊರಿನಲ್ಲೇ ಉಳಿದೆ, ಆಮೇಲೆ ಅಕ್ಕನ ಜೊತೆ ಶೇಂಗಾ ಒಡೆಯುವುದರಲ್ಲಿ ಒಂದು ವಾರ ಹೋಯಿತು. ತಿರುಗಿ ತೋಟಕ್ಕೆ ಹೋಗಿ ನೋಡಿದರೆ, ಒಟ್ಟಿದ ರಾಶಿಯ ತುಂಬ ಹಸಿರು ಚಿಗುರು. ಕಡಿದ ಪ್ರತಿ ಹಲಗೆಯೂ ಬೇರು ಬಿಟ್ಟಿತ್ತು. ಬಯಲಲ್ಲಿ ಅಲ್ಲಲ್ಲಿ ಬಿದ್ದ ತುಂಡುಗಳು ಕೂಡ ಮಗುವಿನ ಕಿವಿಯಂತಹ ಎಲೆ ಎತ್ತಿದ್ದವು. ನಾನು ಎರಡೂವರೆ ತಿಂಗಳು ಕಳ್ಳಿ ಕಡಿದಿರಲಿಲ್ಲ, ಕಳ್ಳಿ ನೆಟ್ಟಿದ್ದೆ.

ಹಾದಿಯಲ್ಲೇ ಕೂತು ಅತ್ತೆ. ಗಂಡ ಸತ್ತ ಮೇಲೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು.

"ಯಾರು ಸತ್ತಾರ?" ಎಂದು ಬೆನ್ನ ಹಿಂದೆ ಒಂದು ದನಿ.

ಒಬ್ಬ ಮುದುಕಿ ನಿಂತಿದ್ದಳು. ತಲೆಯ ಮೇಲೆ ಗಡಿಗೆ, ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ. ಹಿಂದೆ ರಸ್ತೆಯಲ್ಲಿ ಕುರಿಹಿಂಡು, ಅದರ ಹಿಂದೆ ಅವಳ ಗಂಡ. ಪ್ರತಿವರ್ಷ ಸುಗ್ಗಿಯ ಮುಂದೆ ಅವರು ಮಂಗಳವೇಢೆಯ ಕಡೆಯಿಂದ ಕುರಿ ಹೊಡೆದುಕೊಂಡು ಈ ಹಾದಿಯಲ್ಲಿ ಬರುತ್ತಿದ್ದರಂತೆ. ನಾನು ರಾಶಿ ತೋರಿಸಿದೆ. ಮುದುಕಿ ಹತ್ತಿರ ಹೋಗಿ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಕಡದ್ರ ಸಾಯೂದಲ್ಲ ಮಗಳ ಇದು. ಇದಕ ನೆಲ ಮುಟ್ಟಿಸಬಾರ್ದು. ಆ ಕಡಿ ಕಲ್ಲಬಂಡಿ ಅದ ನೋಡು, ಅದರ ಮ್ಯಾಲ ಒಟ್ಟು. ಬಿಸಲಿಗೆ ಬಾಡ್ಲಿ. ತಳಕ್ಕ ಜಾಲಿಮುಳ್ಳ ಹಾಕಿ ಬೆಂಕಿ ಹಚ್ಚು. ಉಳದದ್ದನ್ನ ಆಳುದ್ದ ಕುಳಿ ತೆಗದು ಹುಗಿ."

"ಅಷ್ಟೂ ಮತ್ತ ಹೊರಬೇಕೇನ ಆಯಿ?"

"ಮತ್ತ ಯಾರು ಹೊರ್ತಾರ? ನಾ ಹೊರಲೇನ?"

ಅವಳು ಹೊರಲಿಲ್ಲ. ಆದರೆ ನಾನು ಮೊದಲ ನಾಲ್ಕು ಹೊರೆ ಸಾಗಿಸುವವರೆಗೆ ನೆರಳಿನಲ್ಲಿ ಕೂತು, ಹೇಗೆ ಹೊರಬೇಕು, ಎಲ್ಲಿ ಇಡಬೇಕು ಎಂದು ಹೇಳುತ್ತಲೇ ಇದ್ದಳು. ನನಗೆ ಆ ದಿನ ಬೇಕಾಗಿದ್ದದ್ದು ಅದೇ.

ಎಲ್ಲವನ್ನೂ ಮತ್ತೆ ಸಾಗಿಸಲು ಒಂದು ತಿಂಗಳು ಹಿಡಿಯಿತು. ಆದರೆ ಈ ಸಲ ಕಳ್ಳಿ ಸತ್ತಿತು. ಬೆಂಕಿಯಲ್ಲಿ ಅದು ಸುಯ್ಯೆಂದು ಸದ್ದು ಮಾಡುತ್ತಾ ಬೆಂದು ಕರಗುವುದನ್ನು ನೋಡಿದಾಗ ಆದ ಸಮಾಧಾನ, ಗಿರಣಿಯಲ್ಲಿ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ. ಅಲ್ಲಿ ಹಾಕಿದ ಗಂಟು ಯಾರ ಸೀರೆಗೆ ಹೋಯಿತೋ ನಮಗೆ ಗೊತ್ತಾಗುತ್ತಿರಲಿಲ್ಲ.

ನಡುವೆ ಮನೆಯ ಕೆಲಸವನ್ನೂ ಹಿಡಿದೆ. ಎರಡು ಖೋಲಿಯ ಮಣ್ಣಿನ ಮನೆ. ಗೋಡೆ ಗಟ್ಟಿಯಿತ್ತು. ಮಾಳಿಗೆಯ ಮಣ್ಣಿನ ಛಾವಣಿ ಒಂದು ಮೂಲೆಯಲ್ಲಿ ಕುಳಿತಿತ್ತು. ಒಳಗೆ ಮೊಣಕಾಲುದ್ದ ಮಣ್ಣು, ಅದರ ಮೇಲೆ ಹಾವಿನ ಪೊರೆ. ಒಂದು ಮುಂಗುಸಿ ಸಂಸಾರ ಹಿಂದಿನ ಖೋಲಿಯಲ್ಲಿತ್ತು. ನಾನು ಮುಂದಿನ ಖೋಲಿ ಗುಡಿಸಿದೆ. ಹಿಂದಿನದನ್ನು ಅವು ತಾವಾಗಿ ಬಿಟ್ಟುಹೋಗುವವರೆಗೆ ಮುಟ್ಟಲಿಲ್ಲ. ಕೆರೆಯ ಬದಿಯಿಂದ ಬಿಳಿಮಣ್ಣು ಹೊತ್ತು ತಂದು, ಮಾಳಿಗೆಯ ಮೇಲೆ ಹಾಕಿ, ನೀರು ಚಿಮುಕಿಸಿ ಬಡಿದೆ. ಸಗಣಿ ಸಾರಿಸಿದ ದಿನ ಮನೆ ಮನೆಯ ವಾಸನೆ ಹೊಡೆಯಿತು. ಭಾವನ ಮನೆಯ ಅಟ್ಟದಲ್ಲಿ ಬಿದ್ದಿದ್ದ ಒಂದು ಹೊರಸಿನ ಚೌಕಟ್ಟು ತಂದು ಹಗ್ಗ ಹೆಣೆದೆ. ಹೆಣೆಯುವುದು, ಗಂಟು ಹಾಕುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಕ್ಕ ಬಂದು ಆ ಹೊರಸಿನ ಮೇಲೆ ಕೂತು, ಕುಪ್ಪಳಿಸಿ ನೋಡಿ, ತಮ್ಮ ಮನೆಯ ಎರಡು ಹೊರಸನ್ನೂ ನನ್ನಿಂದಲೇ ಹೆಣೆಸಿಕೊಂಡಳು.

ಹೋಳಿ ಮುಗಿದ ಮೇಲೆ ತೋಟದಲ್ಲೇ ಇರತೊಡಗಿದೆ. ಇನ್ನು ಉಳಿದದ್ದು ಬಾವಿ.

ಅದು ಮೆಟ್ಟಿಲು ಬಾವಿ. ಇಳಿಯಲು ಒಂದು ಬದಿಗೆ ಕಲ್ಲಿನ ಮೆಟ್ಟಿಲು ಚೆನ್ನಾಗಿಯೇ ಇದ್ದವು. ಎದುರಿನ ಬದಿ, ಮೋಟ ಹೊಡೆಯುವ ಕಡೆ, ಮೇಲಿಂದ ಕೆಳಗಿನವರೆಗೆ ಜಾರಿ ಬಾವಿಯೊಳಗೆ ಕೂತಿತ್ತು. ಕಲ್ಲು, ಮಣ್ಣು, ಅದರ ಮೇಲೆ ಅತ್ತಿಯ ಗಿಡ. ತಳದಲ್ಲಿ ಒಂದು ಮೂಲೆಗೆ ಅಂಗೈ ಆಳ ಕಪ್ಪು ನೀರು. ಕುಡಿಯುವ ನೀರನ್ನು ನಾನು ಊರಿನಿಂದ ಹೊತ್ತು ತರುತ್ತಿದ್ದೆ. ಮಳೆಗಾಲದೊಳಗೆ ಬಾವಿ ತೆರೆಯದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ ಎಂದು ಗೊತ್ತಿತ್ತು. ಹಾಗಾಗಿ ಬುಟ್ಟಿ ಹಿಡಿದು ಇಳಿದೆ. ಒಂದು ಬುಟ್ಟಿ ತುಂಬುವುದು, ಮೂವತ್ತೆರಡು ಮೆಟ್ಟಿಲು ಹತ್ತುವುದು, ಸುರಿಯುವುದು, ಇಳಿಯುವುದು. ದೊಡ್ಡ ಕಲ್ಲಾದರೆ ಒಂದೊಂದು ಮೆಟ್ಟಿಲಿಗೆ ಉರುಳಿಸಿ ಏರಿಸುವುದು. ಬಿಸಿಲು ನೆತ್ತಿಗೆ ಬರುವ ಮೊದಲು ಇಪ್ಪತ್ತು ಬುಟ್ಟಿ, ಇಳಿದ ಮೇಲೆ ಇಪ್ಪತ್ತು. ಒಳಗೆ ತಂಪು ಇರುತ್ತಿತ್ತು. ಪಾರಿವಾಳಗಳು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಮ್ಮ ಪಾಡಿಗೆ ತಾವು ಗುಟುರು ಹಾಕುತ್ತಿದ್ದವು.

ಒಂದು ದಿನ ಗುದ್ದಲಿಗೆ ಕಲ್ಲಿನದಲ್ಲದ ಸದ್ದು ಬಂತು. ಕೈಯಿಂದ ಮಣ್ಣು ಸರಿಸಿದೆ. ಎತ್ತಿನ ತಲೆಬುರುಡೆ. ಒಂದು ಕೊಂಬಿನ ತುದಿಗೆ ಹಿತ್ತಾಳೆಯ ಅಣಸು ಇನ್ನೂ ಕೂತಿತ್ತು. ಹಸಿರು ಹಿಡಿದಿತ್ತು. ಹೆದರಿಕೆಯಾಗಲಿಲ್ಲ. ಆ ಅಣಸನ್ನು ಯಾರೋ ಪ್ರೀತಿಯಿಂದ ಹಾಕಿಸಿದ್ದರಲ್ಲ ಅನಿಸಿತು. ಅದನ್ನು ಅಲ್ಲೇ ಬಿಟ್ಟು ಊರಿಗೆ ನಡೆದೆ.

ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಂಡದ್ದನ್ನು ಹೇಳಿದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ನಮ್ಮ ಮನಿಯವರ ಮುಂದ ಹೇಳಬ್ಯಾಡ" ಎಂದಳು ಮೆಲ್ಲಗೆ. "ಅವತ್ತ ಮೋಟ ಹೊಡ್ಯಾಕತ್ತವರು ಅವರಽ. ಹದಿನಾಲ್ಕು ವರ್ಷದವರಿದ್ರು."

ಇದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ತಿರುಗಿ ನೋಡಿದರೆ ಭಾವ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡಿದ್ದರು. ತಿರುಗಿ ಒಳಗೆ ಹೋದರು.

ಮರುದಿನ ನಾನು ಮೂರನೆಯ ಬುಟ್ಟಿ ಸುರಿಯುವ ಹೊತ್ತಿಗೆ ಭಾವ ಹೆಗಲ ಮೇಲೆ ಸಲಿಕೆ ಹೊತ್ತು ಹಾದಿಯಲ್ಲಿ ಬಂದರು. ನಾನು ಕಡಿದ ಹಾದಿಯಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲ ಸಲ. ಬಾವಿಯ ದಂಡೆಯ ಮೇಲೆ ಬಹಳ ಹೊತ್ತು ಕೂತರು. ನಾನು ನನ್ನ ಪಾಡಿಗೆ ಬುಟ್ಟಿ ಹೊರುತ್ತಿದ್ದೆ. ಕೊನೆಗೆ ಅವರು ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದರು.

ತಲೆಬುರುಡೆಯ ಮುಂದೆ ಕೂತು, ಕೊಂಬಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ನನ್ನ ಕಡೆ ನೋಡದೆ ಮಾತಾಡಿದರು.

"ಎತ್ತ ಹಿಂದ ಸರಿಸಿಗೋತ ಬಂದಿದ್ದೆ. ಕಾಲಾಗಿನ ನೆಲ ಅಳ್ಳಾಡಿದಂಗಾತು. ನನ್ನ ಸೊಂಟಕ್ಕ ಕುಡಗೋಲಿತ್ತು. ಎಡಗಡಿ ಎತ್ತಿನ ಕೊರಳಹಗ್ಗ ಕೊಯ್ದೆ, ಅದು ಜಿಗದು ಆ ಕಡಿ ಹೋತು. ಬಲಗಡಿದರ ಹಗ್ಗಕ್ಕ ಕೈ ಹಾಕೂದ್ರಾಗ..." ಅಷ್ಟಕ್ಕೆ ನಿಲ್ಲಿಸಿದರು. ಕೊಂಬಿನ ಅಣಸನ್ನು ಬೆರಳಿನಿಂದ ತಿರುಗಿಸುತ್ತಾ ಅಂದರು: "ಅಪ್ಪ ಬೈಯಲಿಲ್ಲ. ಸಾಯೂತನಕ ಒಂದ ಮಾತ ಆಡ್ಲಿಲ್ಲ. ಬೈದಿದ್ರ ಚಲೋ ಇತ್ತು."

ನಾನು ಸೆರಗು ಸರಿಮಾಡಿಕೊಂಡು ಹೇಳಿದೆ: "ಒಂದನ್ನ ಉಳಿಸೀರಲ್ರಿ ಭಾವಾರ. ಹದಿನಾಲ್ಕು ವರ್ಷದ ಹುಡುಗ ಅಷ್ಟರಾಗ ಮತ್ತೇನ ಮಾಡ್ಬೇಕಾಗಿತ್ತು?"

ಅವರು ಎದ್ದು ಸಲಿಕೆ ಹಿಡಿದರು. ಅಂದು ಮಧ್ಯಾಹ್ನದೊಳಗೆ ಆ ಎತ್ತಿನ ಎಲುಬುಗಳನ್ನೆಲ್ಲ ಆರಿಸಿ, ಅವರ ಶಲ್ಯದಲ್ಲಿ ಕಟ್ಟಿ ಮೇಲೆ ತಂದು, ತೋಟದ ಮೂಡಣ ಬದುವಿನಲ್ಲಿ ಹುಗಿದೆವು. ಭಾವ ಅದರ ಮೇಲೆ ಕುಂಕುಮ ಹಾಕಿ ಕಾಯಿ ಒಡೆದರು. ಮನೆಯಿಂದ ಬರುವಾಗಲೇ ಜೇಬಿನಲ್ಲಿ ಕುಂಕುಮದ ಪೊಟ್ಟಣ, ಕೈಚೀಲದಲ್ಲಿ ಕಾಯಿ ತಂದಿದ್ದರು.

ಆಮೇಲೆ ಅವರು ಒಂಬತ್ತು ದಿನ ಬಂದರು. ಕರೆಯಲಿಲ್ಲ ನಾನು. ಬೇಡ ಎನ್ನಲೂ ಇಲ್ಲ. ಬಾವಿಯಿಂದ ತೆಗೆದ ಕಲ್ಲನ್ನೇ ಕುಸಿದ ಬದಿಗೆ ಮೆಟ್ಟಿಲಂತೆ ಒಳಸರಿಸಿ ಪೇರಿಸಿದರು. ಒಂದು ಬೆಳಿಗ್ಗೆ ನಾನು ಇಳಿದು ನೋಡಿದರೆ ಕೊನೆಯ ಮೆಟ್ಟಿಲು ನೀರಿನೊಳಗೆ ಮುಳುಗಿತ್ತು. ಒಂದು ರಾತ್ರಿಯಲ್ಲಿ ಜಲ ಒಡೆದಿತ್ತು. ಬೊಗಸೆಯಲ್ಲಿ ಕುಡಿದೆ. ಸ್ವಲ್ಪ ಮಣ್ಣಿನ ರುಚಿ. ಒಂದು ವಾರದಲ್ಲಿ ಅದೂ ಹೋಯಿತು. ಅಕ್ಕ ಬಂದು ಕುಡಿದು, ಈ ನೀರಿಗೆ ಬೇಳೆ ಬೇಗ ಬೇಯುತ್ತದೆ ಎಂದು ಎರಡು ಕೊಡ ಒಯ್ದಳು.

ಯುಗಾದಿ ಮುಗಿದ ಮೇಲೆ ಕುರುಬರ ಮುದುಕಿ ತಿರುಗಿ ಬಂದಳು. ಬಯಲಾದ ನೆಲ ನೋಡಿ, ಕಳ್ಳಿಯ ಬೂದಿ ತುಳಿದು ನೋಡಿ, "ನಿಲ್ತಿ ನೀ" ಎಂದಳು, ಅಷ್ಟೇ. ಹೊಲದಲ್ಲಿ ನಾಲ್ಕು ದಿನ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆ. ಅದಕ್ಕೆ ಜೋಳ ಕೊಡುವುದು ವಾಡಿಕೆ. ನನ್ನಲ್ಲಿ ಜೋಳ ಎಲ್ಲಿತ್ತು? ಹಾಗೆಂದು ಹೇಳಿದೆ. ಮುದುಕಿ ಗಂಡನ ಮುಖ ನೋಡಿದಳು. ಅವನು ಬಾವಿಯ ಕಡೆ ಗದ್ದ ತೋರಿಸಿದ. ಬೇಸಿಗೆಯಲ್ಲಿ ಕುರಿಗೆ ನೀರು ಸಿಕ್ಕರೆ ಜೋಳಕ್ಕಿಂತ ಹೆಚ್ಚು. ಅವರು ನಾಲ್ಕಲ್ಲ, ಏಳು ದಿನ ನಿಂತರು. ನಾನು ಕೊಡದಿಂದ ನೀರು ಹೊತ್ತು ಹೊತ್ತು ಕಲ್ಲಿನ ದೋಣಿ ತುಂಬುತ್ತಿದ್ದೆ. ಮುದುಕಿ ಕೂತಲ್ಲಿಂದಲೇ, "ಆ ಕಡಿ ಮರಿ ಕುಡಿದಿಲ್ಲ ನೋಡು" ಎಂದು ಕೂಗುತ್ತಿದ್ದಳು. ಹೋಗುವ ದಿನ ಒಂದು ಕಂಬಳಿ ಕೊಟ್ಟಳು. ನಾನು ಬೇಡವೆಂದಾಗ, "ಹಳೇದು, ತೂತ ಬಿದ್ದದ. ನೀ ಹೆಣೀತಿ" ಎಂದಳು.

ಬೇಸಿಗೆಯೆಲ್ಲ ಉಳಿದ ಕಳ್ಳಿ ಕಡಿದು ಸುಟ್ಟೆ, ಅದರಡಿಯ ಕರಿಕೆ ಹುಲ್ಲು ಅಗೆದೆ. ಕಳ್ಳಿಗಿಂತ ಕರಿಕೆ ಮೊಂಡು. ನೆಲದೊಳಗೆ ಮೊಣಕೈ ಆಳಕ್ಕೆ ಬೇರು ಓಡಿಸಿ, ಮೇಲೆ ಏನೂ ಇಲ್ಲದಂತೆ ನಟಿಸುತ್ತದೆ. ಎರಡೆಕರೆ ಮುಗಿಸಿದೆ. ಮೂರನೆಯದು ಆಗಲಿಲ್ಲ. ಮಳೆ ಬಂದಾಗ ಭಾವ ತಮ್ಮ ಎತ್ತು ತಂದು ಹರಗಿದರು. ಮುಂಗಾರಿಗೆ ಒಂದು ತುಂಡಿನಲ್ಲಿ ಹೆಸರು, ಸುತ್ತ ತೊಗರಿ. ಬಾವಿಯ ಬದಿಗೆ ಬದನೆ, ಮೆಣಸಿನಗಿಡ, ಮೆಂತ್ಯ. ಹಿಂಗಾರಿಗೆ ಬಿಳಿಜೋಳ. ಕೂರಿಗೆಯ ಹಿಂದೆ ನಡೆಯುತ್ತಾ ಬಟ್ಟಲಿಗೆ ಕಾಳು ಬಿಡುವುದನ್ನು ಅಕ್ಕ ಕಲಿಸಿದಳು. ಮುಷ್ಟಿಯಿಂದ ಒಂದೇ ಸಮನೆ, ಎಳೆ ಹರಿಯದಂತೆ ಕಾಳು ಇಳಿಯಬೇಕು. ಮೊದಲ ಸಾಲಿನಲ್ಲೇ ನನಗೆ ಬಂತು. ಅಕ್ಕನಿಗೆ ಆಶ್ಚರ್ಯ. ನನಗೇನೂ ಅನಿಸಲಿಲ್ಲ. ಹನ್ನೆರಡು ವರ್ಷ ಬೆರಳು ಅದನ್ನೇ ಮಾಡಿದ್ದವು.

ಹೆಸರು ಅಷ್ಟಕ್ಕಷ್ಟೇ ಬಂತು, ಅರ್ಧ ಹುಳ ತಿಂದಿತು. ಬದನೆ ಮಾತ್ರ ಸೊಕ್ಕಿ ಬೆಳೆಯಿತು. ಅಕ್ಕಲಕೋಟೆಯ ಸಂತೆಗೆ ಬುಟ್ಟಿ ಹೊತ್ತು ಹೋದೆ. ಕೂಗಿ ಮಾರಲು ನಾಚಿಕೆಯಾಗಿ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ಕೊತ್ತಂಬರಿ ಮಾರುವವಳು ತನ್ನದರ ಜೊತೆಗೆ ನನ್ನದನ್ನೂ ಕೂಗಿದಳು. ಮೂರನೆಯ ಸಂತೆಗೆ ನಾನೂ ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಗಿರಣಿಯಲ್ಲಿ ಯಂತ್ರದ ಸದ್ದಿನ ನಡುವೆ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು.

ಸಂಕ್ರಾಂತಿ ಬಂತು. ಜೋಳ ಹಾಲುಗಾಳು ದಾಟಿ ಸೀತನಿಗೆ, ಎಂದರೆ ಹಸಿ ತೆನೆ ಸುಟ್ಟು ತಿನ್ನುವ ಹದಕ್ಕೆ, ಬಂದಿತ್ತು. ಅಣ್ಣನಿಗೆ ಕಾರ್ಡು ಬರೆದೆ. ಒಂದು ಭಾನುವಾರ ಮುಂಜಾನೆಯ ಬಸ್ಸಿನಲ್ಲಿ ಅಕ್ಕಲಕೋಟೆಗೆ ಬಂದು, ಅಲ್ಲಿಂದ ನಡೆದು ಅಣ್ಣ, ವೈನಿ, ನಾಲ್ಕು ಮಕ್ಕಳು, ಅವರ ಹಿಂದೆ ನನ್ನ ಜೊತೆ ಕೆಲಸ ಮಾಡಿದ ಐದು ಹೆಂಗಸರು ತೋಟದ ಮುಂದೆ ಬಂದು ನಿಂತರು. ಅವರಲ್ಲೊಬ್ಬಳು ಮರಾಠಿಯವಳು. ಹನ್ನೆರಡು ವರ್ಷ ನನ್ನ ಪಕ್ಕದ ಯಂತ್ರಕ್ಕೆ ನಿಂತವಳು. ನನ್ನನ್ನು ನೋಡಿ ರಸ್ತೆಯಲ್ಲೇ ಕಿರುಚಿದಳು: "ಅಗ, ಕಾಳೀ ಝಾಲೀಸ! ಆಣಿ ಜಾಡ ಪಣ!" ಕಪ್ಪಾಗಿದ್ದೆ, ದಪ್ಪವೂ ಆಗಿದ್ದೆ, ಎರಡೂ ನಿಜ.

ಬೇವಿನ ಕೆಳಗೆ ಸಣ್ಣ ಕುಳಿ ತೋಡಿ ಸಗಣಿ ಕುಳ್ಳಿನ ಕೆಂಡ ಮಾಡಿ, ಭಾವ ಹಸಿ ತೆನೆ ಸುಟ್ಟು ಕೊಟ್ಟರು. ನಾವು ಬಿಸಿ ಇದ್ದಾಗಲೇ ಅಂಗೈಯಲ್ಲಿ ಹೊಸಕಿ, ಊದಿ, ತಟ್ಟೆಗೆ ಹಾಕಿದೆವು. ಬೆಲ್ಲ, ಶೇಂಗಾಹಿಂಡಿ, ಮೊಸರು. ಅಣ್ಣ ತೋಟವನ್ನು ಮೂರು ಸುತ್ತು ಹಾಕಿ ಬಂದ. ಬಾವಿ ಇಣುಕಿ ನೋಡಿದ. ಕೊಡಲಿಯ ಮರದ ಕಾವಿನ ಮೇಲೆ ನನ್ನ ಹಿಡಿ ಬಿದ್ದ ಜಾಗ ನುಣುಪಾಗಿತ್ತು. ಅದನ್ನು ಮುಟ್ಟಿ ನೋಡಿದ. ನಗಲಿಲ್ಲ. "ಆ ಕಡಿ ಎಕರೆ?" ಎಂದು ಕರಿಕೆ ಉಳಿದದ್ದನ್ನು ತೋರಿಸಿದ.

"ಬರೂ ವರ್ಷ."

"ನನಗ ಎಂಟು ದಿನ ರಜಾ ಅದ. ಬರ್ಲೇನ?"

"ಬಾ. ಖರೆ ಕೊಡ್ಲಿ ಹಿಡಿದು ಗೊತ್ತದೇನ ನಿನಗ?"

ವೈನಿ ಬಾಯಲ್ಲಿದ್ದ ಸೀತನಿ ಉಗುಳುವಷ್ಟು ನಕ್ಕಳು.

ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ಒರಗಿದರು. ಗಿರಣಿಯ ಹೆಂಗಸರು ಸಾಲಾಗಿ ಕಂಬಳಿಯ ಮೇಲೆ ಮಲಗಿ, ಮಾತಾಡುತ್ತಾ ಆಡುತ್ತಾ ನಿದ್ದೆ ಹೋದರು. ಮರಾಠಿ ಗೆಳತಿ ಮಾತ್ರ ಎಚ್ಚರವಿದ್ದಳು. ಒಬ್ಬಳೇ ಇರುತ್ತೀಯಲ್ಲ, ಭಯವಾಗುವುದಿಲ್ಲವೇ ಎಂದು ಕೇಳಿದಳು. ಮೊದಲು ಆಗುತ್ತಿತ್ತು, ಆಮೇಲೆ ಸಂಜೆಯಾದರೆ ನಿದ್ದೆಯೇ ಮೊದಲು ಬರತೊಡಗಿತು ಎಂದೆ. ಅವಳು ನನ್ನ ಅಂಗೈ ತಿರುಗಿಸಿ, ದಡ್ಡುಗಟ್ಟಿದ ಚರ್ಮ ಒತ್ತಿ ನೋಡಿದಳು. ತಾನೂ ಸುಮ್ಮನೆ ಒರಗಿದಳು. ಸಂಜೆಯ ಬಸ್ಸಿಗೆ ಎಬ್ಬಿಸಬೇಕಾದರೆ ನನಗೆ ಸಾಕಾಯಿತು.

ತಿಂಗಳಲ್ಲಿ ಜೋಳ ಕೀಳಲು ಬಂತು. ನಮ್ಮ ಕಡೆ ಕೊಯ್ಯುವುದಿಲ್ಲ, ಬುಡಸಮೇತ ಕೀಳುತ್ತೇವೆ. ಸೊಂಟ ಬಗ್ಗಿಸಿ, ಎರಡು ಕೈಯಿಂದ ಹಿಡಿದು ಜಗ್ಗಿದರೆ ಒಣಗಿದ ಮಣ್ಣು ಬಿರಿದು ದಂಟು ಬರುತ್ತದೆ. ಮೊದಲ ಸಾಲು ಕಿತ್ತು ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು. ಅಕ್ಕ ಬುತ್ತಿ ತರುವುದು ಇನ್ನೂ ದೂರದಲ್ಲಿ ಕಾಣುತ್ತಿತ್ತು. ನಾನು ಕಿತ್ತ ಜೋಳದ ಸಿವುಡಿನ ಮೇಲೆ ಕೂತು, ಅವಳು ಬರುವವರೆಗೆ ಏನೂ ಮಾಡದೆ ಕಾಲು ಚಾಚಿದೆ.